ಕಬ್ಬು ತುಂಬುವಾಗ ಆಳುಗಳು ಬೀಳದಂತೆ ನೋಡಿಕೊಳ್ಳುವ ಬಗೆ

ಕಬ್ಬಿನ ಕಟಾವು ಆರಂಭವಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಲಾರಿ ಮತ್ತು ಟ್ರ್ಯಾಕ್ಟರ್ ಟ್ರೈಲರುಗಳ ಓಡಾಟಕ್ಕೆ ಬಿಡುವಿರುವುದಿಲ್ಲ. ಅನೇಕ ಕಡೆ ಕಬ್ಬು ಕಡಿದವರೇ ಹೊರೆಯನ್ನು ತಲೆಯ ಮೇಲೆ ಹೊತ್ತು, ಒರಗಿಸಿದ ಹಲಗೆಯನ್ನೇರಿ ಟ್ರೈಲರಿಗೆ ತುಂಬುತ್ತಾರೆ. ಮಚ್ಚಿನ ಗಾಯಕ್ಕೆ ನಾವೆಲ್ಲರೂ ಅಂಜುತ್ತೇವೆ. ಮೇಲಿನಿಂದ ಬೀಳುವ ಅಪಾಯವನ್ನು ಮಾತ್ರ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

ತುಂಬಿದ ಟ್ರೈಲರಿನ ನೆತ್ತಿ ನೆಲದಿಂದ 10-12 ಅಡಿ ಎತ್ತರದಲ್ಲಿರಬಹುದು. 12 ಅಡಿಯಿಂದ ಜಾರಿದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಕಾಗಿಲ್ಲ. ನೆಲಕ್ಕೆ ಬಡಿಯುವಾಗ ಅವನ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲಿ ಕೈಚಾಚಿ ಏನನ್ನಾದರೂ ಹಿಡಿಯಲು ಅವಕಾಶವೆಲ್ಲಿ? ಬೆನ್ನುಮೂಳೆಗೆ ಪೆಟ್ಟು ಬಿದ್ದರೆ ದುಡಿಯುವ ಆಳು ಜೀವನಪರ್ಯಂತ ಹಾಸಿಗೆ ಹಿಡಿಯಬೇಕಾದೀತು. ಆದ್ದರಿಂದ "ಜೋಪಾನ" ಎಂದು ಕೆಳಗಿನಿಂದ ಕೂಗಿದರೆ ಸಾಲದು. ತುಂಬುವುದಕ್ಕೆ ಮೊದಲೇ ಈ ಕೆಳಗಿನ ಏರ್ಪಾಡುಗಳನ್ನು ಮಾಡಿಕೊಳ್ಳತಕ್ಕದ್ದು.

1. ವಾಹನ ಕದಲಬಾರದು. ಮಟ್ಟಸವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿರಿ. ಮುಂದಿನ ರಾಶಿಯ ಬಳಿಗೆ ಹೋಗುವಾಗ ಮೇಲಿದ್ದವರು ಇಳಿದ ನಂತರವೇ ಚಾಲಕನು ಗಾಡಿ ಎಳೆಯಲಿ. ಸೂಚನೆಯಿಲ್ಲದೆ ಗಾಡಿ ಒಂದು ಗೇಣು ಜಗ್ಗಿದರೂ ಮೇಲೆ ನಿಂತವನು ಹಿಂದಕ್ಕೆ ಉರುಳುತ್ತಾನೆ. ಸೂಚನೆ ಕೊಡುವವನು ಒಬ್ಬನೇ ಇರಲಿ.

2. ಹಲಗೆ ಭದ್ರವಾಗಿರಲಿ. ಒಂದೂವರೆ ಅಡಿ ಅಗಲದ ಗಟ್ಟಿ ಹಲಗೆಗೆ ಅಡಿಗೊಂದರಂತೆ ಅಡ್ಡಪಟ್ಟಿ ಹೊಡೆದರೆ ಕಾಲು ಜಾರುವುದಿಲ್ಲ. ಮೇಲ್ತುದಿಗೆ ಕೊಕ್ಕೆ ಹಾಕಿಸಿ ಟ್ರೈಲರಿಗೆ ಸಿಕ್ಕಿಸಿರಿ. ಟ್ರೈಲರಿನ ತಳ 4 ಅಡಿ ಎತ್ತರವಿದ್ದರೆ ಹಲಗೆ 12 ಅಡಿ ಉದ್ದವಿರಲಿ. ಹೇರು ಎತ್ತರವಾದ ಮೇಲೆ ಹೊರೆ ಹೊತ್ತು ಏರುವುದನ್ನು ಬಿಟ್ಟು, ಚಿಕ್ಕ ಕಟ್ಟುಗಳನ್ನು ಕೆಳಗಿನಿಂದ ಎತ್ತಿಕೊಡುವುದು ಮೇಲು. ಪಡೆಯುವವನು ಅಂಚಿನಿಂದ ಒಳಗೆ ನಿಲ್ಲಬೇಕು.

3. ಇಬ್ಬನಿ ಮತ್ತು ತರಗು ಕಾಲಿಗೆ ಶತ್ರುಗಳು. ನಯವಾದ ಕಬ್ಬಿನ ಮೇಲೆ ಒದ್ದೆಯಾದ ತರಗು, ಅಂದರೆ ರವದಿ, ಇದ್ದರೆ ಹೆಜ್ಜೆ ನಿಲ್ಲದು. ತರಗನ್ನು ಚೆನ್ನಾಗಿ ಬಿಡಿಸಿಯೇ ಕಬ್ಬನ್ನು ಹೇರಿರಿ.

4. ಹಗ್ಗವನ್ನು ನೆಲದಿಂದಲೇ ಬಿಗಿಯಿರಿ. ಹೇರಿನ ಅಂಚಿನಲ್ಲಿ ನಿಂತು ಬಲವಾಗಿ ಜಗ್ಗುವಾಗ ಹಗ್ಗ ಹರಿದರೆ ಅಥವಾ ಗಂಟು ಬಿಚ್ಚಿದರೆ ಮನುಷ್ಯ ಹಿಮ್ಮುಖವಾಗಿ ಬೀಳುತ್ತಾನೆ. ಹಗ್ಗವನ್ನು ಹೇರಿನ ಮೇಲಿಂದ ಆಚೆಗೆ ಎಸೆದು ಕೆಳಗೆ ನಿಂತು ಬಿಗಿಯಬಹುದು. ಸವೆದ ಹಗ್ಗ ಬಳಸಕೂಡದು.

5. ಇಳಿಯಲು ಏಣಿ ಬೇಕು. ಹಾರುವುದು, ಹಗ್ಗ ಹಿಡಿದು ಜಾರುವುದು ಸಲ್ಲದು. ಪ್ರತಿ 4 ಅಡಿ ಎತ್ತರಕ್ಕೆ ಏಣಿಯ ಬುಡ 1 ಅಡಿ ದೂರವಿರಲಿ. ಮೇಲ್ತುದಿ ಹೇರಿಗಿಂತ 3 ಅಡಿ ಮೇಲಿದ್ದು, ಕಟ್ಟಿರಲಿ. ಏಣಿಗೆ ಮುಖ ಮಾಡಿ, ಬರಿಗೈಯಲ್ಲಿ, ಎರಡು ಕೈ ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಏಣಿಯ ಮೇಲಿರುವಂತೆ ಇಳಿಯಬೇಕು.

6. ವಿದ್ಯುತ್ ತಂತಿಯ ಕೆಳಗೆ ತುಂಬಕೂಡದು. ಹೊಲದ ಮೇಲೆ ಹಾಯುವ 11,000 ವೋಲ್ಟಿನ ತಂತಿಯನ್ನು ಮುಟ್ಟದೆ, ಬಹಳ ಸಮೀಪಕ್ಕೆ ಹೋದರೂ ಪ್ರಾಣಾಪಾಯವುಂಟು.

7. ಹೇರಿನ ಮೇಲೆ ಕುಳಿತು ಪ್ರಯಾಣ ಮಾಡಕೂಡದು. ವಾಹನದ ನೆತ್ತಿಯ ಮೇಲಿನ ಪ್ರಯಾಣವನ್ನು 1988ರ ಮೋಟಾರು ವಾಹನಗಳ ಕಾಯಿದೆಯ 123ನೆಯ ಕಲಮು ನಿಷೇಧಿಸಿದೆ.

ಇಷ್ಟಾದರೂ ಯಾರಾದರೂ ಬಿದ್ದರೆ ಅವರನ್ನು ಕೈಕಾಲು ಹಿಡಿದು ಎತ್ತಬೇಡಿರಿ, ಕೂರಿಸಬೇಡಿರಿ. ಮುರಿದ ಬೆನ್ನುಮೂಳೆ ಅಲುಗಿದರೆ ಒಳಗಿನ ನರಕ್ಕೆ ಧಕ್ಕೆಯಾಗಿ ಕಾಲುಗಳ ಸ್ವಾಧೀನ ತಪ್ಪಬಹುದು. ಬಿದ್ದಲ್ಲೇ ಅಲುಗದಂತೆ ಮಲಗಿಸಿ, ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು, 108ಕ್ಕೆ ಕರೆ ಮಾಡಿರಿ. ಕುಡಿಯಲು ಏನನ್ನೂ ಕೊಡಬಾರದು.

ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆಂದು ನಾವು ಅವಸರ ಪಡುವುದು ಸಹಜ. ಆದರೆ ಏಣಿ ಕಟ್ಟಲು, ಗಾಲಿಗೆ ಕಲ್ಲು ಕೊಡಲು ಕಾಲು ಗಂಟೆ ಸಾಕು. ಪಟ್ಟಿ ಹೊಡೆದ ಹಲಗೆಯನ್ನೂ ಬಿದಿರಿನ ಏಣಿಯನ್ನೂ ಊರಿನ ಬಡಗಿಯಿಂದ ಮಾಡಿಸಿ, ನಾಲ್ಕಾರು ರೈತರು ಕೂಡಿ ಬಳಸಬಹುದು. ದೂರದ ಊರಿನಿಂದ ಸಂಸಾರ ಸಮೇತ ಬಂದು ನಮ್ಮ ಬೆಳೆಯನ್ನು ಹೇರುವವರು ಬಂದಂತೆಯೇ ಕ್ಷೇಮವಾಗಿ ಹಿಂದಿರುಗುವಂತೆ ನೋಡಿಕೊಳ್ಳುವುದು ಬೆಳೆಯ ಒಡೆಯನ ಹೊಣೆ. ಈ ಹಂಗಾಮಿನ ಮೊದಲ ಹೊರೆ ಏರುವುದಕ್ಕೆ ಮುಂಚೆಯೇ ಏಣಿ ಮತ್ತು ಹಲಗೆ ಸಿದ್ಧವಾಗಿರಲಿ.