ಕಬ್ಬಿನ ಬಯಲಿನಲ್ಲಿ ಎದ್ದ ಪೇಟೆ ಶಗ್ವಾನಸ್

1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ಕೊನೆಯ ಇನಿಂಗ್ಸ್‌ನಲ್ಲಿ 406 ರನ್ ಹೊಡೆದು ಗೆದ್ದಾಗ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದು 112. ಟ್ರಿನಿಡಾಡ್ ಎಂದರೆ ಇಂದಿಗೂ ನಮ್ಮಲ್ಲಿ ಹಲವರಿಗೆ ಆ ಮೈದಾನವೇ ನೆನಪಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ಹೋದರೆ ಸಿಗುವ ಶಗ್ವಾನಸ್ ಇಂದು ದ್ವೀಪದ ದೊಡ್ಡ ವ್ಯಾಪಾರ ಕೇಂದ್ರ. ಇದನ್ನು ಕಟ್ಟಿದವರು ಕಬ್ಬು ಕಡಿಯಲು ಬಂದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು.

1845ರ ಮೇ 30ರಂದು ಆ ಕೂಲಿಗಳನ್ನು ಹೊತ್ತ ಮೊದಲ ಹಡಗು ಬಂತು. 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಟ್ರಿನಿಡಾಡ್‌ಗೆ ಬಂದಿಳಿದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಕರಾರು ಮುಗಿದ ಮೇಲೆ ಬಹುಪಾಲು ಜನ ಊರಿಗೆ ಮರಳದೆ ತುಂಡು ಭೂಮಿ ಹಿಡಿದು ತರಕಾರಿ, ಭತ್ತ ಬೆಳೆದರು. ಬೆಳೆದದ್ದನ್ನು ಮಾರಲು ಸಂತೆ ಬೇಕಿತ್ತು. ಪೋರ್ಟ್ ಆಫ್ ಸ್ಪೇನ್, ಸ್ಯಾನ್ ಫರ್ನಾಂಡೊ ಎರಡರ ನಡುವೆ, ಸುತ್ತ ಕಬ್ಬಿನ ತೋಟಗಳಿದ್ದ ಶಗ್ವಾನಸ್‌ಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ರೈಲು ಬಂತು, ಮುಂದೆ ಹೆದ್ದಾರಿ ಬಂತು. ರೈಲು ನಿಂತುಹೋಯಿತು, ಸಂತೆ ನಿಲ್ಲಲಿಲ್ಲ.

ಆ ಮಾರುಕಟ್ಟೆಯ ತರಕಾರಿಗಳ ಹೆಸರು ಕೇಳಿದರೆ ಮನಸ್ಸು ತುಂಬಿ ಬರುತ್ತದೆ. ಬದನೆಕಾಯಿ ಅಲ್ಲಿ ‘ಬೈಗನ್’, ಹಾಗಲಕಾಯಿ ‘ಕರೈಲಿ’, ಸೊಪ್ಪು ‘ಭಾಜಿ’. ಮನೆಮಾತಾಗಿದ್ದ ಭೋಜಪುರಿ ಹೊಸ ತಲೆಮಾರಿನ ಬಾಯಲ್ಲಿ ಹೆಚ್ಚುಕಡಿಮೆ ಅಳಿದಿದೆ. ಆದರೂ ಚೌಕಾಸಿಯ ನಡುವೆ ಈ ಪದಗಳು ಉಳಿದಿವೆ.

ಮುಖ್ಯರಸ್ತೆಯಲ್ಲಿ ಸಿಂಹಗಳ ಪ್ರತಿಮೆ ಹೊತ್ತ ಬಿಳಿಯ ಕಟ್ಟಡವೊಂದಿದೆ. ಅದೇ ‘ಲಯನ್ ಹೌಸ್’. ಕರಾರು ಕೂಲಿಯಾಗಿ ಬಂದ ಪಂಡಿತ ಕಪಿಲದೇವ್ 1920ರ ದಶಕದಲ್ಲಿ ಕಟ್ಟಿಸಿದ್ದು. ಮೊಮ್ಮಗ ವಿ.ಎಸ್. ನೈಪಾಲ್ ಹುಟ್ಟಿದ್ದು ಇದೇ ಊರಿನಲ್ಲಿ, 1932ರಲ್ಲಿ. ಅವರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ಹನುಮಾನ್ ಹೌಸ್‌ಗೆ ಮಾದರಿ ಈ ಮನೆಯೇ. ಲಂಡನ್ನಿನಲ್ಲಿ ಹಳೆಯ ದಾಖಲೆ ಓದುವಾಗ ನೈಪಾಲ್‌ಗೆ ಸ್ಪೇನ್ ದೊರೆಯ 1625ರ ಪತ್ರವೊಂದು ಸಿಕ್ಕಿತು. ಅದರಲ್ಲಿ ‘ಶಗ್ವಾನೆಸ್’ ಎಂಬ ಮೂಲನಿವಾಸಿ ಬುಡಕಟ್ಟಿನ ಪ್ರಸ್ತಾಪವಿತ್ತು. ಆ ಜನ ಅಳಿದುಹೋದರು. ಅಂಗಡಿಯ ಬೋರ್ಡುಗಳ ಮೇಲೆ ಅವರ ಹೆಸರಷ್ಟೇ ಇದೆ. ಈ ಊರಿನ ಏಳಿಗೆಯ ಕಥೆ ಹೇಳುವಾಗ ಅವರನ್ನು ಮರೆಯಬಾರದು.

1970ರ ದಶಕದಲ್ಲಿ ತೈಲದ ಹಣ ಹರಿದಾಗ ಪೇಟೆ ಸರ್ರನೆ ಬೆಳೆಯಿತು. ಬಟ್ಟೆ ಅಂಗಡಿಗಳ ಪಕ್ಕ ಬ್ಯಾಂಕುಗಳು, ಮಾಲ್‌ಗಳು ಎದ್ದವು. 1990ರಲ್ಲಿ ಬರೋ, ಅಂದರೆ ಪುರಸಭೆಯ ಸ್ಥಾನ ಸಿಕ್ಕಿತು. 2003ರಲ್ಲಿ ಸರ್ಕಾರಿ ಸಕ್ಕರೆ ಕಂಪನಿ ಕರೋನಿ ಬಾಗಿಲು ಹಾಕಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಬ್ಬನ್ನೇ ನಂಬಿದ್ದರೆ ಊರೂ ಅಂದೇ ಸೊರಗುತ್ತಿತ್ತು. ಅಂಗಡಿಗಳು ಅದನ್ನು ಉಳಿಸಿದವು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 83 ಸಾವಿರ ದಾಟಿತ್ತು. ಬೆಳವಣಿಗೆಗೆ ತೆತ್ತ ಬೆಲೆಯೂ ಇದೆ: ಕಿರಿದಾದ ಮುಖ್ಯರಸ್ತೆಯಲ್ಲಿ ವಾಹನ ತೆವಳುತ್ತದೆ, ಜೋರು ಮಳೆಯಾದರೆ ತಗ್ಗು ಪ್ರದೇಶಕ್ಕೆ ನೀರು ನುಗ್ಗುತ್ತದೆ.

ದೀಪಾವಳಿ ಬಂದರೆ ಹೆದ್ದಾರಿ ಪಕ್ಕದ ‘ದಿವಾಲಿ ನಗರ’ದಲ್ಲಿ ಜನಸಾಗರ. ಹತ್ತಿರದ ಹಳ್ಳಿಗಳ ಕುಂಬಾರರು ಹಣತೆ ತಟ್ಟಿ ಸುಡುತ್ತಾರೆ.

ಕ್ರಿಕೆಟ್ ನೋಡಲು ಟ್ರಿನಿಡಾಡ್‌ಗೆ ಹೋಗುವ ಕನ್ನಡಿಗರೇ, ಒಂದು ದಿನ ಹೆಚ್ಚಿಗೆ ಉಳಿಯಿರಿ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹಸಿರು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ, ಅಂದರೆ ಮಿನಿಬಸ್ ಹತ್ತಿದರೆ ಶಗ್ವಾನಸ್‌ನಲ್ಲಿ ಇಳಿಯಬಹುದು.