ಎರಡನೆಯ ಆಟಕ್ಕೆ ಎಷ್ಟು ಅಂಕ?

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವನು. ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ವೀಡಿಯೋ ಗೇಮಿನ ಕುರಿತು ಬರೆಯಲು ಇವನಿಗೇನು ಅಧಿಕಾರ ಎಂದು ನೀವು ಕೇಳಿದರೆ ತಪ್ಪಿಲ್ಲ. ಅಧಿಕಾರ ಇಲ್ಲ. ಆದರೆ ಅಂಕಿ, ಸರಾಸರಿ, ಕರಾರುಪತ್ರದ ಸಣ್ಣ ಅಕ್ಷರ, ಈ ಮೂರರ ಜೊತೆ ನನಗೆ ಹಳೆಯ ಒಡನಾಟ. ಈ ಆಟಗಳ ವಿಷಯ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವನು ನನ್ನ ಮೊಮ್ಮಗ.

2024ರ ಏಪ್ರಿಲ್ ರಜೆಯಲ್ಲಿ ಅವನು ಊರಿಗೆ ಬಂದಿದ್ದ. ಗಲ್ಫಿನಲ್ಲಿರುವ ಸೋದರಮಾವ ಕೊಟ್ಟ ಪ್ಲೇಸ್ಟೇಷನ್ ಪೆಟ್ಟಿಗೆಯನ್ನು ನಮ್ಮ ಟಿ.ವಿ.ಗೆ ಜೋಡಿಸಿ, 'ದಿ ಕ್ರೂ' ಎಂಬ ಕಾರಿನ ಆಟದ ಡಿಸ್ಕು ಹಾಕಿದ. ಡಿಸ್ಕು ಗುಂಯ್ ಎಂದು ತಿರುಗಿತು. ಸಂಪರ್ಕ ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಬಂತು, ಅಷ್ಟೆ. ಡಿಸ್ಕು ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ.

"ಅಜ್ಜ, ಇದು ಇನ್ನು ಓಡುವುದಿಲ್ಲ. ಕಂಪೆನಿಯವರೇ ಬಂದ್ ಮಾಡಿದ್ದಾರೆ. ಇದರ ಎರಡನೆಯದು ಉಂಟು, ಅದನ್ನು ತೆಗೆದುಕೊಡಿ" ಎಂದ.

"ಅದೂ ನಾಳೆ ಹೀಗೇ ಆದರೆ?" ಎಂದೆ.

ಅವನಲ್ಲಿ ಉತ್ತರ ಇರಲಿಲ್ಲ. ವಿಮರ್ಶಕರು ಏನು ಹೇಳಿದ್ದಾರೆ ನೋಡಿ ಎಂದಷ್ಟೇ ಹೇಳಿದ. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಹೇಳಿ ನಾನು ನೋಡಲು ಕುಳಿತೆ.

ಮೊದಲು ಈ ಆಟದ ಜಾತಿ ಯಾವುದೆಂದು ತಿಳಿಯಬೇಕು. ಕಾರಿನ ಆಟಗಳಲ್ಲಿ ಎರಡು ಬಗೆ. ಒಂದರಲ್ಲಿ ಟಯರಿನ ಹಿಡಿತ, ಬ್ರೇಕಿನ ಬಿಸಿ, ಗಾಡಿಯ ತೂಕ ಎಲ್ಲವೂ ನಿಜದ ಹಾಗೆಯೇ ಇರಬೇಕೆಂದು ಹಠ. ಇನ್ನೊಂದನ್ನು ಆರ್ಕೇಡ್ ಎನ್ನುತ್ತಾರೆ. ಪೇಟೆಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಿದ್ದವಲ್ಲ, ಅಲ್ಲಿಂದ ಬಂದ ಹೆಸರು. ಅದರಲ್ಲಿ ತಿರುವಿನಲ್ಲಿ ಕಾರು ಜಾರಿದರೂ ನೆಟ್ಟಗೆ ನಿಲ್ಲುತ್ತದೆ, ಗೋಡೆಗೆ ಬಡಿದರೂ ಮರುಕ್ಷಣ ಓಡುತ್ತದೆ. ಇನ್ನು ಓಪನ್ ವರ್ಲ್ಡ್ ಎಂದರೆ ಬಯಲು ಬಿಟ್ಟ ಹಾಗೆ. ಒಂದು ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವುದಲ್ಲ, ಒಂದು ಊರು ಅಥವಾ ಒಂದು ದೇಶವನ್ನೇ ಎದುರಿಗೆ ಹಾಸಿ, ಬೇಕಾದ ಕಡೆ ಹೋಗು ಎನ್ನುತ್ತಾರೆ. 'ದಿ ಕ್ರೂ' ಈ ಎರಡೂ ಸೇರಿದ ಜಾತಿ. ಅದರಲ್ಲಿ ಹಾಸಿದ್ದು ಅಮೆರಿಕದ ಸಂಯುಕ್ತ ಸಂಸ್ಥಾನವನ್ನೇ, ಕುಗ್ಗಿಸಿದ ಅಳತೆಯಲ್ಲಿ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಒಂದು ಗಂಟೆಯೊಳಗೆ ಕಾರಿನಲ್ಲಿ ತಲುಪಬಹುದು. ನಮ್ಮ ಹೈವೇ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಮಾಡಿದವರು ಫ್ರಾನ್ಸಿನ ಲಿಯಾನ್ ನಗರದ ಐವರಿ ಟವರ್ ಎಂಬ ಸಂಸ್ಥೆಯವರು. ಪ್ರಕಾಶಕರು ಯೂಬಿಸಾಫ್ಟ್. ಮೊದಲ ಆಟ ಬಂದದ್ದು 2014ರ ಡಿಸೆಂಬರಿನಲ್ಲಿ. ಅದರಲ್ಲಿ ಅಣ್ಣನ ಕೊಲೆಗೆ ತಮ್ಮ ಸೇಡು ತೀರಿಸಿಕೊಳ್ಳುವ ಒಂದು ಸಿನಿಮಾ ಮಾದರಿಯ ಕಥೆ. ವಿಮರ್ಶಕರಿಗೆ ಅಮೆರಿಕ ಮೆಚ್ಚುಗೆಯಾಯಿತು, ಕಥೆ ಆಗಲಿಲ್ಲ. ಇಲ್ಲಿ ಒಂದು ಮಾತನ್ನು ನೆನಪಿಡಿ. ಈ ಆಟಕ್ಕೆ ಬಿಡುಗಡೆಗೆ ಮುಂಚೆ ವಿಮರ್ಶೆ ಬರುವುದು ಕಷ್ಟ ಎಂದು ಕಂಪೆನಿಯೇ ಆಗ ಹೇಳಿತ್ತು. ಜನ ಕೂಡಿ ಆಡುವ ಆಟ, ಸರ್ವರಿನಲ್ಲಿ ಜನ ತುಂಬಿದ ಮೇಲೆಯೇ ಅದರ ರುಚಿ ತಿಳಿಯುವುದು ಎಂಬುದು ಅವರ ವಾದ. ಎಂದರೆ ಆಟ ಡಿಸ್ಕಿನೊಳಗೆ ಪೂರ್ತಿ ಇಲ್ಲ, ಅದರ ಅರ್ಧ ಜೀವ ಕಂಪೆನಿಯ ಯಂತ್ರದಲ್ಲಿದೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ಆಗ ಅದನ್ನು ಹಾಗೆ ಓದಿದವರು ಕಡಿಮೆ.

ಎರಡನೆಯದು, 'ದಿ ಕ್ರೂ 2', ಮಾರ್ಚ್ ತಿಂಗಳಿಗೆ ಎಂದಿದ್ದದ್ದು ಮುಂದೆ ಹೋಗಿ 2018ರ ಜೂನ್ 29ಕ್ಕೆ ಬಂತು. ಮೊದಲ ಆಟದ ಮೇಲಿದ್ದ ದೂರುಗಳನ್ನು ಮಾಡಿದವರು ಓದಿಕೊಂಡಿದ್ದರು ಎಂದು ಕಾಣುತ್ತದೆ. ಕೊಲೆ, ಸೇಡು ಎಲ್ಲ ಹೋಯಿತು. ಕಾರಿನ ಜೊತೆಗೆ ದೋಣಿ ಬಂತು, ವಿಮಾನ ಬಂತು. ಆಕಾಶದಲ್ಲಿ ಹಾರುತ್ತಿರುವಾಗ ಒಂದು ಗುಂಡಿ ಒತ್ತಿದರೆ ವಿಮಾನ ಹೋಗಿ ಕಾರಾಗುತ್ತದೆ, ಕಾರು ನೆಲಕ್ಕೆ ಬೀಳುತ್ತದೆ, ಬಿದ್ದು ಓಡುತ್ತದೆ. ನದಿಯ ಮೇಲಿದ್ದರೆ ದೋಣಿ ಮಾಡಿಕೊಳ್ಳಬಹುದು. ನಾನು ಓದಿದ ಯಾವ ವಿಮರ್ಶೆಯೂ ಇದನ್ನು ಮೆಚ್ಚದೆ ಬಿಟ್ಟಿಲ್ಲ. ದೇಶದ ವಿಸ್ತಾರ, ಬೆಟ್ಟದ ಮೇಲಿನ ಹಿಮ, ಮರುಭೂಮಿಯ ಬೆಳಕು, ಸುಮ್ಮನೆ ಗೊತ್ತುಗುರಿಯಿಲ್ಲದೆ ಅಲೆಯುವ ಸುಖ, ಇವನ್ನು ಹೊಗಳಿದ್ದಾರೆ.

ಇನ್ನು ಬೈಗುಳ. ಅದರ ಪಟ್ಟಿ ಉದ್ದ. ಸೇಡಿನ ಕಥೆ ತೆಗೆದ ಜಾಗಕ್ಕೆ ಇವರು ತಂದದ್ದು 'ಅಭಿಮಾನಿಗಳ ಸಂಖ್ಯೆ'. ನೀವು ಗೆದ್ದಂತೆಲ್ಲ ಫಾಲೋವರುಗಳು ಹೆಚ್ಚಾಗುತ್ತಾರೆ, ಕೊನೆಗೆ ನೀವೊಬ್ಬ ಮಹಾತಾರೆ. ಅದರ ನಡುವಿನ ಸಂಭಾಷಣೆ ಕೇಳಲಾಗುವುದಿಲ್ಲ ಎಂದು ಹಲವರು ಬರೆದರು. ಎದುರಾಳಿ ಕಾರುಗಳು ಎಷ್ಟು ಹಿಂದೆ ಬಿದ್ದರೂ ರಬ್ಬರು ಎಳೆದ ಹಾಗೆ ಬಂದು ಅಂಟಿಕೊಳ್ಳುತ್ತವೆ ಎಂಬುದು ಇನ್ನೊಂದು ದೂರು. ಗೆದ್ದವರಿಗೆ ಸಿಗುವ ಕಾರಿನ ಬಿಡಿಭಾಗಗಳು ಲಾಟರಿಯಂತೆ, ಒಳ್ಳೆಯದು ಬಂದರೆ ಬಂತು. ದೋಣಿ, ವಿಮಾನದ ಪಂದ್ಯಗಳು ಕಾರಿನವುಗಳಷ್ಟು ಸ್ವಾರಸ್ಯವಾಗಿಲ್ಲ. ಮೊದಲ ಆಟದಲ್ಲಿದ್ದ ಪೊಲೀಸರ ಬೆನ್ನಟ್ಟುವಿಕೆಯೇ ಇಲ್ಲ. ಎಲ್ಲಕ್ಕಿಂತ ವಿಚಿತ್ರ, ಸದಾ ಇಂಟರ್‌ನೆಟ್ ಬೇಕು ಎನ್ನುವ ಆಟದಲ್ಲಿ, ಆಟಗಾರರು ಒಬ್ಬರಿಗೊಬ್ಬರು ಎದುರಾಗಿ ಸ್ಪರ್ಧಿಸುವ ವ್ಯವಸ್ಥೆಯೇ ಬಿಡುಗಡೆಯ ದಿನ ಇರಲಿಲ್ಲ. ಮದುವೆಗೆ ಕರೆದು, ಊಟ ಆಮೇಲೆ ಬರುತ್ತದೆ ಎಂದ ಹಾಗೆ.

ಅಂಕ ಎಷ್ಟು ಬಂತು? ಮೆಟಾಕ್ರಿಟಿಕ್ ಎಂಬ ಒಂದು ಲೆಕ್ಕದ ಮನೆ 2001ರಿಂದ ನಡೆಯುತ್ತಿದೆ. ಎಲ್ಲ ವಿಮರ್ಶಕರ ಅಂಕಗಳನ್ನು ನೂರಕ್ಕೆ ಇಳಿಸಿ, ಸರಾಸರಿ ತೆಗೆದು ಹಚ್ಚುತ್ತದೆ. ಸಾದಾ ಸರಾಸರಿ ಅಲ್ಲ, ಕೆಲವರ ಮಾತಿಗೆ ತೂಕ ಹೆಚ್ಚು ಕೊಟ್ಟು ತೆಗೆದದ್ದು. ಯಾರಿಗೆ ಎಷ್ಟು ತೂಕ ಎಂಬುದನ್ನು ಅವರು ಹೊರಗೆ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಹೀಗೆ ಬಡ್ಡಿ ಹಾಕಿದ್ದರೆ ನಮ್ಮನ್ನು ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ 'ದಿ ಕ್ರೂ 2'ಕ್ಕೆ ಸಿಕ್ಕಿದ್ದು 60ಕ್ಕೂ 70ಕ್ಕೂ ನಡುವೆ.

ನನಗೆ ಮೊದಲು ಇದು ಅರ್ಥವಾಗಲಿಲ್ಲ. ನಮ್ಮ ಕಾಲದಲ್ಲಿ 35 ಬಂದರೆ ಪಾಸು, 60 ಬಂದರೆ ಪ್ರಥಮ ದರ್ಜೆ, ಮನೆಯಲ್ಲಿ ಪಾಯಸ. ಆಟದ ಲೋಕದಲ್ಲಿ 60 ಎಂದರೆ ಮುಖ ಸಪ್ಪಗೆ. ಅಲ್ಲಿ ಹಸಿರು ಬಣ್ಣ ಸಿಗಬೇಕಾದರೆ 75 ಬೇಕು. ಅದೇ ಮೆಟಾಕ್ರಿಟಿಕ್ ಸಿನಿಮಾಗಳಿಗೆ 61ಕ್ಕೇ ಹಸಿರು ಕೊಡುತ್ತದೆ. ಎಂದರೆ ಒಂದೇ ಅಂಕಕ್ಕೆ ಸಿನಿಮಾ ಪಾಸು, ಆಟ ನಪಾಸು. ಇದು ಬರಿಯ ಮಾನದ ಪ್ರಶ್ನೆಯೂ ಅಲ್ಲ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ಎಂಬ ಆಟವನ್ನು ಮಾಡಿದ ಒಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂದು ಮಾತಾಗಿತ್ತಂತೆ. ಬಂದದ್ದು 84. ಅವರಲ್ಲೇ ಹಿರಿಯರೊಬ್ಬರು 2012ರಲ್ಲಿ ಇದನ್ನು ಬಹಿರಂಗವಾಗಿ ಹೇಳಿಕೊಂಡರು. ಒಂದು ಅಂಕದಲ್ಲಿ ಹೋದ ಹುಡುಗರನ್ನು ಕಂಡ ನಮಗೆ ಆ ಸಂಕಟ ಗೊತ್ತು.

ಈ ಅಂಕವನ್ನು ನಂಬುವುದಾದರೆ ಅರ್ಜಿ ತಿರಸ್ಕರಿಸಬೇಕಿತ್ತು. ಹಾಗೆ ನೋಡಿದರೆ ಕೊಳ್ಳಬೇಕಾದದ್ದು ಬೇರೆ ಒಂದು ಆಟ. 'ದಿ ಕ್ರೂ 2' ಬಂದ ಮೂರೇ ತಿಂಗಳಿಗೆ, 2018ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸ್ ಮಾಡಿದ 'ಫೋರ್ಜಾ ಹೊರೈಜನ್ 4' ಬಂತು. ಅದೂ ಇದೇ ಜಾತಿಯದು, ಹಾಸಿದ್ದು ಬ್ರಿಟನ್ನು. ವಾರಕ್ಕೊಂದು ಋತು ಬದಲಾಗುತ್ತದೆ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ, ಅದರ ಮೇಲೆಯೇ ಕಾರು ಓಡಿಸಬಹುದು. ವಿಮರ್ಶಕರು ತಲೆಯ ಮೇಲೆ ಹೊತ್ತುಕೊಂಡರು, ಸರಾಸರಿ 90 ದಾಟಿತು. ಇದನ್ನು ಆಡಿದವರು ಅದನ್ನು ಹಳಿಯುವುದು ಸುಲಭವಾಯಿತು.

ಆದರೆ ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ ಕಂಡವನಿಗೆ ಒಂದು ಸಂಶಯ ಇದ್ದೇ ಇರುತ್ತದೆ. ಇನ್ಸ್‌ಪೆಕ್ಟರು ಬರುವ ದಿನ ಲೆಡ್ಜರುಗಳು ಸಾಲಾಗಿ ನಿಲ್ಲುತ್ತವೆ, ಹಿಂದಿನ ರಾತ್ರಿ ಬಾಕಿ ಎಲ್ಲ ತಾಳೆ ಮಾಡಿರುತ್ತೇವೆ. ಅವರು ಕೊಟ್ಟ ದರ್ಜೆ ಆ ದಿನದ ದರ್ಜೆ. ಆಟದ ವಿಮರ್ಶೆಯೂ ಬಿಡುಗಡೆಯ ವಾರದ ದರ್ಜೆ. ವ್ಯತ್ಯಾಸ ಏನೆಂದರೆ, ಪುಸ್ತಕ ಅಚ್ಚಾದ ಮೇಲೆ ಬದಲಾಗುವುದಿಲ್ಲ, ಈ ಆಟ ಬದಲಾಗುತ್ತದೆ. 'ದಿ ಕ್ರೂ 2'ಕ್ಕೆ ಐವರಿ ಟವರಿನವರು ವರ್ಷಗಟ್ಟಲೆ ಹೊಸ ಪಂದ್ಯ, ಹೊಸ ಗಾಡಿಗಳನ್ನು ಸೇರಿಸುತ್ತ ಹೋದರು. ಇಲ್ಲ ಎಂದು ದೂರಿದ್ದ ಮುಖಾಮುಖಿ ಸ್ಪರ್ಧೆ ಬಂತು, ಪೊಲೀಸರೂ ಬಂದರು. ಆದರೂ ಮೆಟಾಕ್ರಿಟಿಕ್ ಅಂಕ 2018ರದ್ದೇ. ಅಲ್ಲಿ ವಿಮರ್ಶಕರು ಮೊದಲು ಕೊಟ್ಟ ಅಂಕವೇ ಅಂಕ, ಆಮೇಲೆ ಮನಸ್ಸು ಬದಲಿಸಿದರೂ ಲೆಕ್ಕಕ್ಕಿಲ್ಲ. ಅಂಕಪಟ್ಟಿಗೆ ಮರು ಮೌಲ್ಯಮಾಪನ ಇಲ್ಲ.

ಇದು ಒಳ್ಳೆಯದರ ಕಡೆಗಿನ ಬದಲಾವಣೆ. ಇನ್ನೊಂದು ಕಡೆಯದೂ ಉಂಟು, ನಮ್ಮ ಮನೆಯ ಡಿಸ್ಕಿಗೆ ಆದದ್ದು ಅದು.

ಮೊದಲ 'ದಿ ಕ್ರೂ'ವನ್ನು ಕಂಪೆನಿ 2023ರ ಡಿಸೆಂಬರಿನಲ್ಲಿ ಮಾರಾಟದಿಂದ ತೆಗೆಯಿತು. 2024ರ ಮಾರ್ಚ್ 31ಕ್ಕೆ ಸರ್ವರು ಬಂದ್. ಒಬ್ಬನೇ ಕುಳಿತು ಆಡುವುದಕ್ಕೂ ಆ ಸರ್ವರು ಬೇಕಾಗಿದ್ದರಿಂದ, ದುಡ್ಡು ಕೊಟ್ಟವರೆಲ್ಲರ ಆಟ ಒಂದೇ ದಿನ ನಿಂತಿತು. ಸದಾ ಸಂಪರ್ಕ ಬೇಕು ಎಂಬುದನ್ನು 2014ರಲ್ಲೂ 2018ರಲ್ಲೂ ವಿಮರ್ಶಕರು ಬರೆದಿದ್ದರು, ಇಲ್ಲವೆನ್ನಲಾರೆ. ಆದರೆ ಅದನ್ನು ಅವರು ಒಂದು ಅನಾನುಕೂಲವೆಂಬಂತೆ ಬರೆದರು, ಕರೆಂಟು ಹೋಗುವುದನ್ನು ಹೇಳುವ ಹಾಗೆ. ಎಲ್ಲಕ್ಕಿಂತ ದೊಡ್ಡ ಷರತ್ತು ಅದೇ ಎಂದು ಹತ್ತು ವರ್ಷದ ಮೇಲೆ ತಿಳಿಯಿತು. ಲಾಕರಿನ ಕರಾರುಪತ್ರ ಓದದೆ ಸಹಿ ಹಾಕುವ ಗ್ರಾಹಕರನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ. ಓದಿ ಸ್ವಾಮಿ ಎಂದರೆ, ನೀವಿದ್ದೀರಲ್ಲ ಎನ್ನುತ್ತಿದ್ದರು. ಇಲ್ಲಿ ಸಹಿಯೂ ಇಲ್ಲ, ಒಪ್ಪಿದ್ದೇನೆ ಎಂಬ ಗುಂಡಿ ಮಾತ್ರ. ಅದರೊಳಗೆ ಇರುವುದು, ನೀವು ಆಟವನ್ನು ಕೊಂಡಿಲ್ಲ, ಆಡುವ ಅನುಮತಿಯನ್ನು ಪಡೆದಿದ್ದೀರಿ ಎಂದು.

ಜನ ಸುಮ್ಮನಿರಲಿಲ್ಲ. ಯೂಟ್ಯೂಬಿನಲ್ಲಿ ಹಳೆಯ ಆಟಗಳ ಕುರಿತು ಮಾತಾಡುವ ರಾಸ್ ಸ್ಕಾಟ್ ಎಂಬವರು 2024ರ ಏಪ್ರಿಲಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಹೂಡಿದರು. ಸರ್ವರು ನಿಲ್ಲಿಸುವುದಾದರೆ ನಿಲ್ಲಿಸಿ, ಕೊಂಡವನು ಆಡುವಂತೆ ಏನಾದರೂ ವ್ಯವಸ್ಥೆ ಬಿಟ್ಟು ಹೋಗಿ ಎಂಬುದು ಬೇಡಿಕೆ. ಅದರ ಪರವಾಗಿ ಐರೋಪ್ಯ ಒಕ್ಕೂಟದಲ್ಲಿ ನಡೆದ ಸಹಿ ಸಂಗ್ರಹ 2025ರ ಜುಲೈಯಲ್ಲಿ ಹತ್ತು ಲಕ್ಷ ದಾಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂತು. ಮುಂದೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವಾಗ, ಇದು ಬರಿಯ ಲೈಸೆನ್ಸು ಎಂದು ಸ್ಪಷ್ಟವಾಗಿ ತಿಳಿಸದೆ 'ಖರೀದಿಸಿ' ಎಂಬ ಪದ ಬಳಸುವ ಹಾಗಿಲ್ಲ. ಸಣ್ಣ ಅಕ್ಷರ ಸ್ವಲ್ಪ ದೊಡ್ಡದಾಯಿತು.

90 ದಾಟಿದ ಆ ಫೋರ್ಜಾ ಏನಾಯಿತು? ಕಾರು ಕಂಪೆನಿಗಳ ಹೆಸರು, ಹಾಡುಗಳ ಹಕ್ಕು ಇವುಗಳ ಒಪ್ಪಂದ ಮುಗಿದ ಕಾರಣಕ್ಕೆ ಅದನ್ನು 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದ ತೆಗೆದರು. ಮೊದಲೇ ಕೊಂಡವರ ಕೈಯಿಂದ ಕಿತ್ತುಕೊಳ್ಳಲಿಲ್ಲ, ಅವರು ಆಡಬಹುದು. ಹೊಸಬರಿಗೆ ಆ ಡಿಜಿಟಲ್ ಅಂಗಡಿ ಮುಚ್ಚಿತು. ಅಷ್ಟು ಹೊಗಳಿಕೆಯೂ ಅದನ್ನು ಕಪಾಟಿನಲ್ಲಿ ಉಳಿಸಲಿಲ್ಲ.

ಇತ್ತ ಅರುವತ್ತರ ಮೇಲೆ ಅಂಕ ತೆಗೆದ ಎರಡನೆಯ 'ಕ್ರೂ'ವಿನ ವಿಷಯ. ಮೊದಲನೆಯದರ ಗಲಾಟೆಯ ನಂತರ, 2024ರ ಸೆಪ್ಟೆಂಬರಿನಲ್ಲಿ, ಯೂಬಿಸಾಫ್ಟ್ ಒಂದು ಪ್ರಕಟಣೆ ಹೊರಡಿಸಿತು. 'ದಿ ಕ್ರೂ 2' ಮತ್ತು ಹವಾಯಿ ದ್ವೀಪದಲ್ಲಿ ನಡೆಯುವ ಮೂರನೆಯ ಆಟ 'ಮೋಟರ್‌ಫೆಸ್ಟ್', ಈ ಎರಡಕ್ಕೂ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆ ಮಾಡುತ್ತೇವೆ ಎಂದು. ಮೊದಲ ಆಟವನ್ನು ಆ ಪ್ರಕಟಣೆಯಲ್ಲಿ ಸೇರಿಸಲಿಲ್ಲ. ಮಾತು ಕೊಟ್ಟವರು ನಡೆಸುತ್ತಾರೋ ನೋಡೋಣ ಎಂದು ನಾನು ಅರ್ಜಿಯನ್ನು ಇನ್ನಷ್ಟು ದಿನ ಕಡತದಲ್ಲೇ ಇಟ್ಟೆ. ಮೊಮ್ಮಗನಿಗೆ ನನ್ನ ಮೇಲೆ ಕೋಪ ಬಂದು ಒಂದು ದೀಪಾವಳಿಗೆ ಸರಿಯಾಗಿ ಮಾತೇ ಆಡಲಿಲ್ಲ. 2025ರಲ್ಲಿ 'ದಿ ಕ್ರೂ 2'ಕ್ಕೆ ಆ ವ್ಯವಸ್ಥೆ ಬಂತು. ಅದುವರೆಗೆ ಆಡಿ ಗಳಿಸಿದ್ದನ್ನು ಸರ್ವರಿನಿಂದ ನಮ್ಮ ಪೆಟ್ಟಿಗೆಗೆ ನಕಲು ಮಾಡಿ ಇಟ್ಟುಕೊಳ್ಳಬಹುದು. ಪಾಸ್‌ಬುಕ್ ಗ್ರಾಹಕನ ಕೈಗೆ ಬಂದ ಹಾಗೆ. ಆ ವಿಮರ್ಶೆಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. ಸಂಭಾಷಣೆ ಕೆಟ್ಟದು, ದೋಣಿಯ ಪಂದ್ಯ ಸಪ್ಪೆ ಎಂಬ ಮಾತುಗಳು ಈಗಲೂ ನಿಜವೇ. ಅಲೆಯುವ ಸುಖ ಉಂಟು ಎಂಬ ಮಾತೂ ನಿಜವೇ. ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ಆ ಎರಡನೆಯದು. ಸಾಲ ಮಂಜೂರು ಮಾಡಿದೆ.

ಮೊನ್ನೆ ರಜೆಗೆ ಬಂದಾಗ ಅದನ್ನು ನಮ್ಮ ಟಿ.ವಿ.ಗೆ ಜೋಡಿಸಿದ. ನಾನು ಹೋಗಿ ಮೋಡೆಮಿನ ಸ್ವಿಚ್ಚು ಆರಿಸಿ ಬಂದೆ. ಅವನು ನಕ್ಕ. ಆಟ ಶುರುವಾಯಿತು. ಕೆಂಪು ಸೇತುವೆಯೊಂದರ ಮೇಲೆ ಕಾರು ಓಡಿಸುತ್ತಿದ್ದವನು ಗುಂಡಿ ಒತ್ತಿ ವಿಮಾನ ಮಾಡಿಕೊಂಡು ನೀರಿನ ಮೇಲೆ ಹಾರಿಸಿದ. "ಅಜ್ಜ, ಎಲ್ಲಿಗೆ ಹೋಗಬೇಕು ಹೇಳಿ" ಎಂದ. ಪಂದ್ಯ ಇಲ್ಲವೇ ಎಂದು ಕೇಳಿದೆ. ಉಂಟು, ಆಮೇಲೆ ಎಂದ.