ನುಂಗಿದೆನೋ, ಇಲ್ಲವೋ?

1960ರ ದಶಕದ ಆರಂಭ. ಅಮೆರಿಕದ ಇಲಿನಾಯ್ ರಾಜ್ಯದ ಎಂಜಿನಿಯರ್ ಡೇವಿಡ್ ವ್ಯಾಗ್ನರ್ ಮನೆಯಲ್ಲೊಂದು ಫಜೀತಿ. ಹೆಂಡತಿಗೆ ವೈದ್ಯರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದರು. ಇವತ್ತಿನದು ನುಂಗಿ ಆಯಿತೋ ಇಲ್ಲವೋ ಎಂಬ ಅನುಮಾನ ಇಬ್ಬರಿಗೂ. ವ್ಯಾಗ್ನರ್ ಕಾಗದದ ಮೇಲೆ ದಿನಗಳನ್ನು ಬರೆದು, ಒಂದೊಂದರ ಮೇಲೂ ಒಂದು ಮಾತ್ರೆ ಇಟ್ಟರು. ಏನೋ ಮೇಲೆ ಬಿದ್ದು ಎಲ್ಲ ಚೆಲ್ಲಾಪಿಲ್ಲಿಯಾಯಿತು. ಆಮೇಲೆ ದಿನಗಳ ಗುರುತಿರುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯನ್ನೇ ಮಾಡಿ, 1962ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

ಅದೇ ಅನುಮಾನ ಇಂದು ಬಿಪಿ ಮಾತ್ರೆಯವರನ್ನು ಕಾಡುತ್ತದೆ. ಇದರಲ್ಲಿ ಎರಡು ಬಗೆಯ ಮರೆವಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ನುಂಗಬೇಕು ಎಂಬುದೇ ಹೊಳೆಯದಿರುವುದು ಮೊದಲನೆಯದು. ತಲೆನೋವು ಬಂದವರಿಗೆ ನೋವೇ ಮಾತ್ರೆಯನ್ನು ನೆನಪಿಸುತ್ತದೆ. ರಕ್ತದೊತ್ತಡ ಏರಿದ್ದು ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಬಿಟ್ಟ ಮರುದಿನವೂ ಮೈ ಹಾಯಾಗಿಯೇ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ಗಿಲ್ ಐನ್‌ಸ್ಟೈನ್ ಮತ್ತು ಮಾರ್ಕ್ ಮ್ಯಾಕ್‌ಡೇನಿಯಲ್ 1990ರ ದಶಕದ ತಮ್ಮ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯ ಕಂಡರು. ಗಡಿಯಾರ ನೋಡಿಕೊಂಡು ಮಾಡಬೇಕಾದ ಕೆಲಸದಲ್ಲಿ ಹಿರಿಯರು ಕಿರಿಯರಿಗಿಂತ ಹಿಂದೆ ಬಿದ್ದರು. ಕಣ್ಣೆದುರಿನ ಯಾವುದೋ ಸಂಗತಿಗೆ ಜೋಡಿಸಿದ ಕೆಲಸದಲ್ಲಿ ಸರಿಸಮ ನಿಂತರು. ‘ಎಂಟು ಗಂಟೆಗೆ’ ಅನ್ನುವುದಕ್ಕಿಂತ ‘ತಿಂಡಿ ತಟ್ಟೆ ಎತ್ತಿಟ್ಟ ಕೂಡಲೇ’ ಎನ್ನುವುದು ಮಿದುಳಿಗೆ ಸಲೀಸು. ತೊಂದರೆಯೆಂದರೆ, ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ಏಕಾದಶಿಯ ಉಪವಾಸದಲ್ಲಿ ಆ ತಟ್ಟೆಯೇ ಇರುವುದಿಲ್ಲ.

ಎರಡನೆಯ ಮರೆವು ಇನ್ನೂ ಮೋಜಿನದು: ನುಂಗಿದ್ದೇ ನೆನಪಿರುವುದಿಲ್ಲ. ಇದು ಮುಪ್ಪಿನ ಲಕ್ಷಣವೆಂದು ಗಾಬರಿಪಡಬೇಕಿಲ್ಲ. ದಿನವೂ ಅದೇ ಜಾಗ, ಅದೇ ಲೋಟ, ಅದೇ ಮಾತ್ರೆ. ಇವತ್ತಿನ ನೆನಪು ನಿನ್ನೆಯದರ ಜೊತೆ ಬೆರೆತುಹೋಗುತ್ತದೆ. ಅಷ್ಟೇ ಅಲ್ಲ, ‘ನುಂಗಬೇಕು’ ಅಂದುಕೊಂಡದ್ದೇ ‘ನುಂಗಿದೆ’ ಎಂಬಂತೆ ಉಳಿದುಬಿಡಬಹುದು. ಅಲಾರಂ ಇಲ್ಲಿ ಉಪಯೋಗಕ್ಕೆ ಬಾರದು. ಅದು ಹೊಡೆದದ್ದು ನಿಜ. ಆಮೇಲೆ ಏನಾಯಿತು ಎಂಬುದು ಅದಕ್ಕೂ ತಿಳಿಯದು.

ಹಾಗಾದರೆ ಜನ ನಿಜಕ್ಕೂ ಎಷ್ಟು ತಪ್ಪಿಸುತ್ತಾರೆ? ಬೆಲ್ಜಿಯಂನ ಬರ್ನಾರ್ಡ್ ವ್ರೈಯೆನ್ಸ್ ಮತ್ತು ಸಂಗಡಿಗರು 4,783 ಬಿಪಿ ರೋಗಿಗಳ ದಾಖಲೆ ಪರಿಶೀಲಿಸಿದರು. ಮಾತ್ರೆ ಬಾಟಲಿಯ ಮುಚ್ಚಳದಲ್ಲಿದ್ದ ಚಿಪ್ ಪ್ರತಿ ಸಲ ತೆರೆದ ಹೊತ್ತನ್ನು ಬರೆದಿಟ್ಟಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆ ಮುಂದುವರಿಸಿದ್ದವರೂ ಯಾವುದೇ ದಿನ ನೋಡಿದರೂ ಸುಮಾರು ಶೇ 10ರಷ್ಟು ಡೋಸ್ ಬಿಡುತ್ತಿದ್ದರು. ಅದಕ್ಕಿಂತ ಗಂಭೀರವಾದದ್ದು ಬೇರೆಯೇ: ಸುಮಾರು ಅರ್ಧದಷ್ಟು ಜನ ಒಂದು ವರ್ಷದೊಳಗೆ ಮಾತ್ರೆಯನ್ನೇ ನಿಲ್ಲಿಸಿದ್ದರು. ಇದನ್ನು ಮರೆವಿನ ಖಾತೆಗೆ ಬರೆಯಲಾಗದು.

ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂಬುದು ಮಾತ್ರೆಯ ಮೇಲೆ ನಿಂತಿದೆ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು; ಅದರ ಪ್ರಭಾವ ಥಟ್ಟನೆ ಹೋಗದು. ಆದರೆ ಕ್ಲೊನಿಡಿನ್ ಎಂಬ ಇನ್ನೊಂದನ್ನು ಒಮ್ಮೆಲೇ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೇರಬಹುದು. ಯಾವುದೇ ಆಗಲಿ, ಮರುದಿನ ಎರಡನ್ನು ಒಟ್ಟಿಗೆ ನುಂಗಿ ಲೆಕ್ಕ ಸರಿಮಾಡಬಾರದು. ಬೆಳಿಗ್ಗೆಯೋ ರಾತ್ರಿಯೋ ಎಂಬ ಹಳೆಯ ವಾದಕ್ಕೂ ಬ್ರಿಟನ್ನಿನ 21,000ಕ್ಕೂ ಹೆಚ್ಚು ಜನರ ಅಧ್ಯಯನ 2022ರಲ್ಲಿ ಉತ್ತರ ಕೊಟ್ಟಿತು: ಹೃದಯಾಘಾತ, ಪಾರ್ಶ್ವವಾಯುಗಳ ಮಟ್ಟಿಗೆ ವ್ಯತ್ಯಾಸವಿಲ್ಲ. ವೈದ್ಯರು ಬೇರೆ ಹೇಳದಿದ್ದರೆ, ಮರೆಯದ ಹೊತ್ತೇ ಒಳ್ಳೆಯ ಹೊತ್ತು.

ಇನ್ನು ನುಂಗಿದೆನೋ ಇಲ್ಲವೋ ಎಂಬ ಎರಡನೆಯ ಮರೆವಿಗೆ, ಏಳು ಖಾನೆಯ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದೂ ಬೇಡವೆಂದರೆ, ದಿನಕ್ಕೊಂದೇ ಮಾತ್ರೆಯವರಿಗೆ ಹತ್ತರ ಸ್ಟ್ರಿಪ್ಪೇ ಸಾಕು. 1, 11, 21ನೇ ತಾರೀಖಿಗೆ ಹೊಸ ಸ್ಟ್ರಿಪ್ ತೆಗೆದರೆ, 17ರ ಸಂಜೆ ಏಳು ಗುಳಿ ಖಾಲಿ ಇರಬೇಕು. ಹಿಂದಿನ ಯಾವ ದಿನವೂ ತಪ್ಪಿರದೆ ಆರೇ ಇದ್ದರೆ ಇವತ್ತಿನದು ಬಾಕಿ. 31ನೇ ತಾರೀಖಿಗೆ ಮಾತ್ರ ಬಿಡಿ ಮಾತ್ರೆಯೊಂದನ್ನು ಹುಡುಕಬೇಕು. ಫೆಬ್ರವರಿಯಲ್ಲಿ ಉಳಿದ ಒಂದೆರಡು ಇದ್ದೇ ಇರುತ್ತವಲ್ಲ.